ಮುದುರಿಯ ಬಾಗಿಲು ತಟ್ಟಿದವರು

ಟೀವಿ ಧಾರಾವಾಹಿ ಬರೆಯುವವರ ಕೋಣೆಯಲ್ಲಿ ಇರುವುದು ಒಂದೇ ಧರ್ಮ. ಕಂತು ಯಾವತ್ತೂ ಮುಗಿಯಬಾರದು, ನಿಲ್ಲಬೇಕು. ಸೊಸೆ ಹಾಲಿನ ಲೋಟವನ್ನು ತುಟಿಯ ಹತ್ತಿರ ತಂದಳು ಎನ್ನುವಾಗ ನಿಲ್ಲಬೇಕು. ಕುಡಿದಳೋ ಚೆಲ್ಲಿದಳೋ ಎಂದು ನೋಡುವವರೆಲ್ಲ ಮಾರನೇ ದಿನದವರೆಗೆ ಕೈ ಕೈ ಹಿಸುಕಿಕೊಳ್ಳಬೇಕು. ಹಾಗೆ ನಿಲ್ಲಿಸುವ ಜಾಗಕ್ಕೆ ಅವರು ಕೊಕ್ಕೆ ಎನ್ನುತ್ತಾರೆ. ಅಂಥ ಕೋಣೆಯ ಬರಹಗಾರನೊಬ್ಬ ಕೊಕ್ಕೆ ಹಾಕುವುದರಲ್ಲಿ ಎಷ್ಟು ಪಳಗಿದವನೆಂದರೆ, ಅವನ ನಿಜವಾದ ಹೆಸರು ಮರೆತು ಎಲ್ಲರೂ ಅವನನ್ನು ಕೊಕ್ಕೆರಾಯ ಎಂದೇ ಕರೆಯುತ್ತಿದ್ದರು. ಹೆಂಡತಿ ಬಿಟ್ಟುಹೋದ ದಿನವೂ ಬಾಗಿಲಲ್ಲಿ ನಿಂತು, "ನಿಂಗೊಂದು ವಿಷಯ ಹೇಳ್ಬೇಕಿತ್ತು... ಹೋಗ್ಲಿ ಬಿಡು" ಎಂದಿದ್ದ, ಪುಣ್ಯಾತ್ಮ. ಏನು ವಿಷಯ ಎಂದು ಅವಳು ಕೇಳಲಿಲ್ಲ. ಧಾರಾವಾಹಿ ನೋಡುವ ಚಟ ಅವಳಿಗಿರಲಿಲ್ಲ.

ಅವಳು ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸದವಳು. ಬೆಳಗಾಗುವ ಮುಂಚೆಯೇ ಹೋಗಿ, ಖಾಲಿ ಹೊಟ್ಟೆಯಲ್ಲಿ ಬಂದು ಕೂತವರ ತೋಳು ಹಿಡಿಯಬೇಕು. ಕಳೆದ ವರ್ಷ ಅವಳು ಇನ್ನೊಂದು ಮದುವೆಯಾದಳು. ಗಂಡ ಔಷಧಿ ಅಂಗಡಿಯವನು. ಕೆಳಗೆ ಅಂಗಡಿ, ಮೇಲೆ ಮನೆ. ಮಗಳು ಚೂಟಿ ತಾಯಿಯ ಜೊತೆಗೆ ಆ ಮನೆ ಸೇರಿತು. ವಕೀಲರ ಮುಂದೆ ಕೂತು ಮಾಡಿಕೊಂಡ ಒಪ್ಪಂದದಂತೆ ಬುಧವಾರ ಮತ್ತು ಶನಿವಾರ ಸಂಜೆ, ಮಗುವಿನ ಊಟವಾದ ಮೇಲೆ ಕೊಕ್ಕೆರಾಯ ಬಂದು, ಕಥೆ ಹೇಳಿ, ಮಲಗಿಸಿ ಹೋಗಬಹುದು. ಅವನಿಗೆ ಉಳಿದಿದ್ದ ತಂದೆತನವೆಲ್ಲ ಅಷ್ಟೇ.

ಕಥೆ ಮುದುರಿಯದು. ಅದು ಹುಟ್ಟಿದ್ದು ಹಳೇ ಮನೆಯಲ್ಲಿ, ಗಂಡ ಹೆಂಡತಿ ಅಡುಗೆಮನೆಯಲ್ಲಿ ಪಾತ್ರೆಗಳಿಗಿಂತ ಜೋರಾಗಿ ಸದ್ದು ಮಾಡುತ್ತಿದ್ದ ಕಾಲದಲ್ಲಿ. ಒಂದು ಸಂಜೆ ಜಗಳ ಆರಿದ ಮೇಲೆ ಅವನು ಹೋಗಿ ನೋಡಿದರೆ, ಮಗು ತಲೆತುಂಬ ಹೊದ್ದು ಕಿವಿ ಮುಚ್ಚಿಕೊಂಡು ಮಲಗಿತ್ತು. ಪಕ್ಕದಲ್ಲಿ ಮಲಗಿ ಹೇಳಿದ: ಹೊದಿಕೆಯ ಮಡಿಕೆಯೊಳಗೆ ಮುದುರಿ ಅಂತ ಒಂದು ಪ್ರಾಣಿ ಇದೆ. ನಿನ್ನ ಮುಷ್ಟಿಯಷ್ಟೇ ಗಾತ್ರ, ಒಂದು ಕಿವಿ ಉದ್ದ, ಇನ್ನೊಂದು ಮೊಂಡು. ಅದರ ಊಟವೇ ಸದ್ದು. ನಲ್ಲಿ ತೊಟ್ಟಿಕ್ಕುವ ಸದ್ದು ಅಂದರೆ ಅದಕ್ಕೆ ಪೆಪ್ಪರಮೆಂಟು. ಫ್ಯಾನಿನ ಕಿರುಗುಟ್ಟುವಿಕೆ ಬಿಸ್ಕತ್ತು.

"ನೀನೂ ಅಮ್ಮನೂ ಕೂಗಾಡೋದು?" ಎಂದಿತ್ತು ಹೊದಿಕೆಯ ಒಳಗಿನ ದನಿ.

"ಅದು ಮದುವೆ ಊಟ ಮಗಾ. ಎಲ್ಲಾ ತಿಂದು ತೇಗಿ ಮಲಗ್ಬಿಡುತ್ತೆ. ಆಮೇಲೆ ಮನೆಯಲ್ಲಿ ಒಂಚೂರೂ ಸದ್ದು ಉಳಿಯಲ್ಲ."

ಚೂಟಿ ಮುದುರಿಯ ತೇಗು ಕೇಳಲೆಂದು ದಿಂಬಿಗೆ ಕಿವಿ ಹಚ್ಚಿತು, ಹಾಗೇ ನಿದ್ದೆ ಹೋಯಿತು. ಆಮೇಲೆ ದಿನಾ ಅದೇ ಕಥೆ. ದಿನಾ ಮುದುರಿ ತಿನ್ನುತ್ತಿತ್ತು, ತೇಗುತ್ತಿತ್ತು, ಮಲಗುತ್ತಿತ್ತು. ಸತ್ಯ ಹೇಳಬೇಕೆಂದರೆ ಅವನು ಜೀವಮಾನದಲ್ಲಿ ಕಟ್ಟಿದ ಒಳ್ಳೆಯ ಕಥೆ ಅದೊಂದೇ, ಅದೂ ಕೊಕ್ಕೆ ಇಲ್ಲದ್ದು.

ಹೊಸ ಮನೆಗೆ ಹೋದ ಮೊದಲ ಬುಧವಾರ ಚೂಟಿ ಓಡಿಬಂದು ಅವನ ಕೈ ಹಿಡಿದು ಎಳೆಯಿತು. "ಅಪ್ಪಾ ಬಾ, ರೈಲು ನೋಡು! ಅಂಕಲ್ ಮಾಡ್ಕೊಟ್ಟಿದ್ದು!" ಖಾಲಿ ಔಷಧಿ ಡಬ್ಬಿಗಳನ್ನು ದಾರದಲ್ಲಿ ಪೋಣಿಸಿದ ರೈಲು. ಕೆಮ್ಮಿನ ಔಷಧಿಯದು ಇಂಜಿನ್ನು, ಬಾಟಲಿ ಮುಚ್ಚಳಗಳು ಚಕ್ರ. ಚೆನ್ನಾಗೇ ಇತ್ತು, ಅದೇ ಕಷ್ಟ. ಎಲಾ ಇವನ! ಮಾತ್ರೆ ಎಣಿಸಿ ಕೊಡುವವನು, "ಊಟ ಆದ್ಮೇಲೆ ಒಂದು, ಮಲಗೋ ಮುಂಚೆ ಒಂದು" ಎನ್ನುವುದನ್ನು ಬಿಟ್ಟರೆ ಬಾಯಿ ಬಿಡದ ಈ ಒಣಕಲು ಮನುಷ್ಯ ನನ್ನ ಮಗಳನ್ನು ಡಬ್ಬಿಯಲ್ಲಿ ಹಾಕಿಕೊಳ್ಳುತ್ತಾನೆಯೇ?

ಅವತ್ತು ಮುದುರಿ ತೇಗಲಿಲ್ಲ. ಸದ್ದು ಹುಡುಕಿಕೊಂಡು ಹೊದಿಕೆಯಿಂದ ಆಚೆ ಹೋಯಿತು, ದೂರ ಹೋಯಿತು, ತಿರುಗಿ ನೋಡಿದರೆ ಬಂದ ದಾರಿಯೇ ಇಲ್ಲ.

"ಆಮೇಲೆ?" ಎಂದಿತು ಚೂಟಿ.

"ಆಮೇಲೆ ಶನಿವಾರ."

"ಅಪ್ಪಾ, ಹೋಗ್ಬೇಡ! ಹೇಳು! ಮುದುರಿ ಮನೆಗೆ ಬಂತಾ?"

ಮಗು ಅವನ ಅಂಗಿ ಹಿಡಿದು ಜಗ್ಗಿತು. ಎಂಥ ಹಿಡಿತ! ಬಿಡಿಸಿಕೊಂಡು ಮೆಟ್ಟಿಲಿಳಿಯುವಾಗ ಅವನಿಗೆ ನಗು ತಡೆಯಲಾಗಲಿಲ್ಲ. ಆ ಅಂಗಿಗೆ ಇಸ್ತ್ರಿ ಹಾಕಿಸಲಿಲ್ಲ. ಮಗಳ ಮುಷ್ಟಿಯ ಸುಕ್ಕು ಇರಲಿ ಎಂದು ಹಾಗೇ ಗೂಟಕ್ಕೆ ತೂಗುಹಾಕಿದ.

ಆಮೇಲೆ ಕೇಳಬೇಕೆ? ಪ್ರತಿ ಸಲ ಒಂದು ಕೊಕ್ಕೆ. ಮುದುರಿಯ ಉದ್ದ ಕಿವಿ ಮುಳ್ಳಿಗೆ ಸಿಕ್ಕಿಕೊಂಡಿತು, ಬುಧವಾರ. ಸದ್ದೇ ಇಲ್ಲದ ಕಾಡಿನಲ್ಲಿ ಹಸಿವಿನಿಂದ ಬಿದ್ದಿತು, ಶನಿವಾರ. ಚೂಟಿ ಫೋನು ಮಾಡಿ, "ಮುದುರಿ ಊಟ ಮಾಡ್ತಾ? ಅಷ್ಟು ಹೇಳಪ್ಪಾ ಸಾಕು" ಎಂದು ಗೋಗರೆಯುತ್ತಿತ್ತು. ಇವನು ಫೋನನ್ನು ಸ್ಪೀಕರಿಗೆ ಹಾಕಿ ಬರೆಯುವ ಕೋಣೆಯವರಿಗೆಲ್ಲ ಕೇಳಿಸಿ, "ನೋಡ್ರೋ, ಇದಪ್ಪಾ ವೀಕ್ಷಕರು ಅಂದ್ರೆ!" ಎಂದು ಬೀಗುತ್ತಿದ್ದ. ಗೆಳೆಯರು ನಕ್ಕರು. ವಯಸ್ಸಾದ ಸಂಕಲನಕಾರನೊಬ್ಬ ಮಾತ್ರ ನಗದೆ, "ಮಗು ಅಳ್ತಿದೆಯಲ್ಲೋ" ಎಂದ. ಅದನ್ನು ಕೊಕ್ಕೆರಾಯ ಕಿವಿಗೆ ಹಾಕಿಕೊಳ್ಳಲಿಲ್ಲ.

ಒಂದು ಬುಧವಾರ ಹೆಂಡತಿಯಾಗಿದ್ದವಳು ಮೆಟ್ಟಿಲಲ್ಲೇ ಅಡ್ಡ ನಿಂತಳು. ಕಣ್ಣ ಸುತ್ತ ಕಪ್ಪು, ಕೈಯಲ್ಲಿ ಒಗೆದು ಹಿಂಡಿದ ಹಾಸಿಗೆ ಬಟ್ಟೆ.

"ಇದು ಈ ವಾರದ್ದು. ನಿಲ್ಸಿ ವರ್ಷಗಳಾಗಿತ್ತು, ಮತ್ತೆ ಹಾಸಿಗೆ ಒದ್ದೆ ಮಾಡ್ಕೋತಿದ್ದಾಳೆ. ನೀನು ಹೋದ್ಮೇಲೆ ನಿದ್ದೇನೇ ಮಾಡಲ್ಲ. ಸ್ಕೂಲಲ್ಲಿ ಡೆಸ್ಕ್ ಮೇಲೆ ತಲೆ ಇಟ್ಟು ಮಲಗ್ತಾಳಂತೆ, ಟೀಚರ್ ಕರೆಸಿದ್ರು."

"ಜಾಗ ಹೊಸದು. ಅದಕ್ಕೆ ನಾನೇನ್ ಮಾಡ್ಲಿ?"

"ಜಾಗದ ತಲೆ ಮೇಲೆ ಗೂಬೆ ಕೂರಿಸ್ಬೇಡ. ನೀನು ಬರದ ದಿನಾನೂ ಮುದುರಿ ಎಲ್ಲಿ ಅಂತಾಳೆ, ನೀನು ಬಂದ ದಿನಾನೂ ಮುದುರಿ ಎಲ್ಲಿ ಅಂತಾಳೆ. ಮಲಗ್ಸೋಕೆ ಅಂತ ಬರ್ತೀಯ, ಎಬ್ಬಿಸಿ ಕೂರಿಸಿ ಹೋಗ್ತೀಯ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ."

"ನನಗೋಸ್ಕರ ಕಾಯ್ತಾಳಲ್ಲ, ಅದು ನಿಂಗೆ ಸಹಿಸೋಕಾಗ್ತಿಲ್ಲ."

ಅವಳು ಅವನನ್ನೇ ದಿಟ್ಟಿಸಿದಳು. ಸಿಟ್ಟಿರಲಿಲ್ಲ ಆ ನೋಟದಲ್ಲಿ, ಬರೀ ದಣಿವು. "ನಿನಗೋಸ್ಕರ ಅಲ್ಲ ಕಣೋ, ಮುದುರಿಗೋಸ್ಕರ. ಅಷ್ಟೂ ಗೊತ್ತಾಗಲ್ವಾ ನಿಂಗೆ? ಇವತ್ತು ಆ ಕಥೆ ಮುಗಿಸಿ ಹೋಗು. ಮುಗಿಸ್ಲಿಲ್ವೋ, ಇನ್ಮೇಲೆ ಮಲಗ್ಸೋಕೆ ನೀನು ಬರೋದು ಬೇಡ. ಭಾನುವಾರ ಪಾರ್ಕಿಗೆ ಕರ್ಕೊಂಡು ಹೋಗು, ಐಸ್‌ಕ್ರೀಮ್ ಕೊಡಿಸು, ನಾನು ಬೇಡ ಅನ್ನಲ್ಲ."

ಪಾರ್ಕಿಗೆ ಯಾರು ಬೇಕಾದರೂ ಕರೆದುಕೊಂಡು ಹೋಗಬಹುದು. ಮಗು ಕಣ್ಣು ಮುಚ್ಚುವ ಮುಂಚೆ ಕೊನೆಗೆ ಕೇಳುವ ದನಿ ಅಪ್ಪನದಾಗಿರಬೇಕು. ಅದನ್ನು ಕಳೆದುಕೊಂಡರೆ ತಾನು ಬರೀ ಬಂದುಹೋಗುವ ನೆಂಟ. ಅವನಿಗೆ ನಿಜಕ್ಕೂ ಹೆದರಿಕೆಯಾಯಿತು. ಆಗಲಿ, ಮುಗಿಸೋಣ ಎಂದುಕೊಂಡೇ ಒಳಗೆ ಹೋದ.

ಅಂತ್ಯ ಅವನಲ್ಲಿ ಸಿದ್ಧವಿತ್ತು, ಚಿನ್ನದಂಥ ಅಂತ್ಯ. ಮುದುರಿ ಹೇಗೋ ಮನೆ ಸೇರುತ್ತದೆ, ಬಾಗಿಲು ಹಾಕಿಕೊಂಡು ಮಲಗುತ್ತದೆ. ಆಗ ಯಾರೋ ಬಾಗಿಲು ತಟ್ಟುತ್ತಾರೆ. ತೆಗೆದರೆ ಮುದುರಿಯ ಅಪ್ಪ! ಇಷ್ಟು ದಿನವೂ ಮಗುವನ್ನು ಕಾಡು ಮೇಡು ಹುಡುಕುತ್ತಿದ್ದ ಅಪ್ಪ. ಅದನ್ನು ಹೇಳುವಾಗ ಚೂಟಿ ತನ್ನ ಕೊರಳಿಗೆ ಜೋತುಬೀಳುವುದನ್ನೂ ಅವನು ಎಷ್ಟೋ ಸಲ ಊಹಿಸಿಕೊಂಡಿದ್ದ. ಒಳ್ಳೆಯದನ್ನು ಕೊನೆಗೆ ಇಟ್ಟುಕೊಳ್ಳುವುದು ಅವನ ಹಳೇ ರೋಗ. ಹಿಂದೊಂದು ಧಾರಾವಾಹಿಯಲ್ಲಿ ನಾಯಕಿಯ ತಂದೆ ಯಾರೆಂಬ ಗುಟ್ಟನ್ನು ಹೀಗೇ ಎಳೆದೂ ಎಳೆದೂ ಇಟ್ಟಿದ್ದ. ಅಷ್ಟರಲ್ಲಿ ಚಾನೆಲ್ಲಿನವರು ಧಾರಾವಾಹಿಯನ್ನೇ ಎತ್ತಂಗಡಿ ಮಾಡಿದರು. ಆ ತಂದೆ ಯಾರೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಅದರಿಂದಲೂ ಬುದ್ಧಿ ಬರಲಿಲ್ಲ ಎಂದರೆ ಇನ್ನೇನು ಹೇಳುವುದು?

ಅವನು ಮಂಚದ ಪಕ್ಕದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತ. ಚೂಟಿ ಅವನ ಹೆಬ್ಬೆರಳು ಹಿಡಿದುಕೊಂಡಿತು. ಮುದುರಿ ಕಾಡು ದಾಟಿತು, ಹೊಳೆ ದಾಟಿತು, ಕೊನೆಗೂ ತನ್ನ ಪುಟ್ಟ ಮನೆ ಕಂಡಿತು. ಮಗುವಿನ ಮುಖ ಸಡಿಲವಾಗುತ್ತ ಬಂತು. ಮುದುರಿ ಒಳಗೆ ಹೋಗಿ, ಚಿಲಕ ಹಾಕಿ, ಕಾಲು ಮಡಚಿ ಮಲಗಿತು.

"ಅಷ್ಟರಲ್ಲಿ ಬಾಗಿಲು ಟಕ್ ಟಕ್ ಟಕ್! ಯಾರದು?"

"ಯಾರಪ್ಪಾ?"

ಬಾಯಿ ತೆರೆದಿದ್ದ. ಮಾತು ನಾಲಿಗೆಯ ತುದಿಯಲ್ಲಿತ್ತು. ಆಗಲೇ ಔಷಧಿ ಅಂಗಡಿಯವನು ಮುಚ್ಚಳದ ಲೋಟದಲ್ಲಿ ನೀರು ಹಿಡಿದು ಒಳಗೆ ಬಂದ. ಮಗುವಿನ ಕೈಗೆಟುಕುವಂತೆ ಇಟ್ಟು, ಸದ್ದಿಲ್ಲದೆ ಹೊರಟ.

"ಅಂಕಲ್, ನೀವೂ ಕೂತ್ಕೊಳ್ಳಿ! ಮುದುರಿ ಮನೆಗೆ ಯಾರು ಬಂದ್ರು ಅಂತ ಅಪ್ಪ ಈಗ ಹೇಳ್ತಾನೆ" ಎಂದು ಚೂಟಿ ಮಂಚದ ಇನ್ನೊಂದು ಪಕ್ಕವನ್ನು ತಟ್ಟಿ ತೋರಿಸಿತು. ಆತ ಸಂಕೋಚದಿಂದ ಅಂಚಿನಲ್ಲಿ ಕುಳಿತ. ಮಗು ಇನ್ನೊಂದು ಕೈಯಿಂದ ಅವನ ಬೆರಳನ್ನೂ ಹಿಡಿಯಿತು.

ಕೊಕ್ಕೆರಾಯ ತನ್ನ ಹೆಬ್ಬೆರಳು ಬಿಡಿಸಿಕೊಂಡ. ಇವನ ಮುಂದೆಯೇ? ನನ್ನ ಎದೆಯೊಳಗಿನದನ್ನು ತೆಗೆದು ಈ ಮಾತ್ರೆಯವನ ಮುಂದೆ ಹರಡಲೇ? ಸಾಧ್ಯವಿಲ್ಲ.

"ಶನಿವಾರ" ಎಂದು ಎದ್ದ.

ಚೂಟಿ ಈ ಸಲ ಅಂಗಿ ಹಿಡಿಯಲಿಲ್ಲ, ಕೂಗಲೂ ಇಲ್ಲ. ತುಟಿ ಒಳಗೆ ಎಳೆದುಕೊಂಡು ಗೋಡೆಯ ಕಡೆ ತಿರುಗಿತು. ಹೊರಗೆ ಚೂಟಿಯ ತಾಯಿ ಕೇಳಿದಳು, "ಮುಗೀತಾ?"

"ಮುಗೀತು" ಎಂದ. ಸುಳ್ಳು ಹೇಳುವುದು ಅವನ ಕಸುಬು.

ಶನಿವಾರ ಬರುವಾಗ ದಾರಿಯುದ್ದಕ್ಕೂ ಸ್ಕೂಟರಿನ ಮೇಲೆ, ಹೆಲ್ಮೆಟ್ಟಿನೊಳಗೆ ಮುದುರಿಯ ಅಪ್ಪನ ದನಿಯನ್ನು ತಾಲೀಮು ಮಾಡಿದ. "ನಾನು ಕಣಮ್ಮಾ, ಬಾಗಿಲು ತೆಗಿ" ಎಂದು ಒಮ್ಮೆ ಗದ್ಗದವಾಗಿ, ಒಮ್ಮೆ ಮೆಲ್ಲಗೆ ಹೇಳಿಕೊಂಡ. ಸಿಗ್ನಲ್ಲಿನಲ್ಲಿ ಪಕ್ಕದವನು ತಿರುಗಿ ನೋಡಿದ. ನೋಡಿಕೊಳ್ಳಲಿ ಬಿಡು! ಇವತ್ತು ಯಾರು ಬಂದು ಕೂತರೂ ಸರಿ, ಹೇಳಿಯೇ ತೀರುತ್ತೇನೆ ಎಂದು ಗಟ್ಟಿ ಮಾಡಿಕೊಂಡಿದ್ದ.

ಬಾಗಿಲು ತೆಗೆದವನು ಔಷಧಿ ಅಂಗಡಿಯವನು. ತುಟಿಯ ಮೇಲೆ ಬೆರಳಿಟ್ಟ. "ಮಲಗಿದಾಳೆ ಸರ್."

"ಈ ಹೊತ್ತಿಗಾ? ಇವತ್ತು ನನ್ನ ದಿನ ಕಣ್ರೀ!"

"ಮೆತ್ತಗೆ ಸರ್. ಚೂಟಿ ಅಮ್ಮನೂ ಈಗಷ್ಟೇ ಮಲಗಿದ್ಲು, ಎಷ್ಟೋ ದಿನ ಆಯ್ತು ಸರಿಯಾಗಿ ನಿದ್ದೆ ಮಾಡಿ." ಆತ ಕತ್ತು ಕೆರೆದುಕೊಂಡ. "ಬುಧವಾರ ನೀವು ಹೋದ್ಮೇಲೆ ಚೂಟಿ ತುಂಬಾ ಅತ್ತಳು. ಯಾರು ಬಂದಿದ್ದು, ಯಾರು ಬಂದಿದ್ದು ಅಂತ ಒಂದೇ ಸಮ. ನಂಗೆ ಕಥೆ ಗಿಥೆ ಬರಲ್ಲ. ಹೇಗೋ ಬಾಯಿಗೆ ಬಂದಿದ್ದು ಹೇಳಿ ಮುಗಿಸ್ಬಿಟ್ಟೆ. ತಪ್ಪು ತಿಳ್ಕೋಬೇಡಿ. ಅವತ್ತಿಂದ ಚೆನ್ನಾಗಿ ಮಲಗ್ತಿದ್ದಾಳೆ."

"ಏನಂತ ಮುಗಿಸಿದ್ರಿ?"

"ಏನೋ... ದೊಡ್ಡ ವಿಷಯ ಏನಲ್ಲ ಸರ್."

ಕೊಕ್ಕೆರಾಯ ಹೆಲ್ಮೆಟ್ಟನ್ನು ಚಪ್ಪಲಿ ಗೂಡಿನ ಮೇಲಿಟ್ಟು ಕೋಣೆಗೆ ಹೋದ. ಚೂಟಿ ಬಾಯಿ ಅರ್ಧ ತೆರೆದು ಮಲಗಿತ್ತು. ಕಣ್ಣ ಕೆಳಗಿನ ಕಪ್ಪು ಇಳಿದಿತ್ತು. ಬಿಟ್ಟು ಬರಬೇಕಿತ್ತು, ತಂದೆಯಾದವನು ಬಿಟ್ಟು ಬರುತ್ತಿದ್ದ. ಅವನು ಬಗ್ಗಿ ಕಿವಿಯಲ್ಲಿ ಕರೆದ, "ಚೂಟೀ, ಮಗಾ."

ಮಗು ಕಷ್ಟಪಟ್ಟು ಕಣ್ಣು ಬಿಟ್ಟಿತು. "ಅಪ್ಪಾ."

"ಬಾಗಿಲು ತಟ್ಟಿದ್ದು ಯಾರು ಅಂತ ಹೇಳ್ಲಾ?"

"ನಂಗೊತ್ತು" ಎಂದು ಆಕಳಿಸಿತು. "ಯಾರೂ ಅಲ್ಲ. ಗಾಳಿ."

ಅವನು ಇನ್ನೂ ಹತ್ತಿರಕ್ಕೆ ಬಗ್ಗಿದ.

"ಮುದುರಿ ಎದ್ದು ಚಿಲಕ ಗಟ್ಟಿಯಾಗಿ ಹಾಕ್ತು. ಆಮೇಲೆ ಗಾಳಿ ಸದ್ದೆಲ್ಲಾ ತಿಂದು ಮಲಗ್ತು. ಕಥೆ ಮುಗೀತು ಅಪ್ಪಾ."

"ಅಲ್ಲ ಮಗಾ, ಅದು ಗಾಳಿ ಅಲ್ಲ! ಅದು ಮುದುರಿಯ..."

ಚೂಟಿ ಬೆಚ್ಚಗಿನ ಅಂಗೈಯನ್ನು ಅವನ ಬಾಯಿಯ ಮೇಲಿಟ್ಟಿತು. "ಶ್! ಸದ್ದು ಮಾಡ್ಬೇಡ. ಮುದುರಿ ಹೊಟ್ಟೆ ತುಂಬಿಹೋಗಿದೆ, ಇನ್ನು ತಿನ್ನೋಕಾಗಲ್ಲ ಅದಕ್ಕೆ."

ಕೈ ಜಾರಿ ಹೊದಿಕೆಯ ಮೇಲೆ ಬಿತ್ತು. ಮಗು ಮಗ್ಗುಲಾಗಿ, ಎರಡು ಉಸಿರಿನಲ್ಲಿ ನಿದ್ದೆ ಹೋಯಿತು. ಅವನು ಸ್ಟೂಲಿನ ಮೇಲೆ ಸ್ವಲ್ಪ ಹೊತ್ತು ಕೂತಿದ್ದ. ಹೇಳಬೇಕೆಂದಿದ್ದ ಮಾತು ಬಾಯಿಯಲ್ಲೇ ಇತ್ತು, ಕೇಳುವವರು ಇರಲಿಲ್ಲ. ಅಳಬೇಕೆಂದರೂ ಅದೂ ಸದ್ದೇ.

ಔಷಧಿ ಅಂಗಡಿಯವನು ಬಾಗಿಲವರೆಗೆ ಬಂದ. "ಭಾನುವಾರ ಬನ್ನಿ ಸರ್. ಪಾರ್ಕಿಗೆ ಹೋಗ್ಬೇಕು ಅಂತಿದ್ಲು" ಎಂದು ಮರ್ಯಾದೆಯಿಂದಲೇ ಹೇಳಿ, ಕದ ಮೆಲ್ಲಗೆ ಮುಂದೆ ಮಾಡಿದ. ಒಳಗೆ ಚಿಲಕ ಬಿತ್ತು.

ನಾಲ್ಕು ಮೆಟ್ಟಿಲಿಳಿದ ಮೇಲೆ ಹೆಲ್ಮೆಟ್ಟಿನ ನೆನಪಾಯಿತು. ಹತ್ತಿ ಬಂದು ಬಾಗಿಲು ತಟ್ಟಲು ಕೈ ಎತ್ತಿದ. ಎತ್ತಿದ ಕೈ ಅಲ್ಲೇ ನಿಂತಿತು. ತಟ್ಟಿದರೆ ಮಗು ಏಳುತ್ತದೆ. ಎದ್ದು ಯಾರು ಎಂದು ಕೇಳಿದರೆ, ಒಳಗಿನಿಂದ ಏನು ಉತ್ತರ ಬರುತ್ತದೆ ಎಂಬುದು ಅವನಿಗೆ ಈಗ ಗೊತ್ತಿತ್ತು. ಕೈ ಇಳಿಸಿ, ಬರಿತಲೆಯಲ್ಲಿ ಹೋಗಿ ಸ್ಕೂಟರ್ ಹತ್ತಿದ.