ಗುದ್ದದ ಪ್ರೆಸ್ಸು

ಬಾಹುಬಲಿ ಕಾಕಾ ಪ್ರೆಸ್ಸು ನೋಡುವ ಪದ್ಧತಿಯೇ ಬೇರೆ. ಕಣ್ಣಿನಿಂದಲ್ಲ, ಕಿವಿಯಿಂದ. ಬೆನ್ನು ತಿರುಗಿಸಿ ನಿಲ್ಲುವುದು, ‘ಧಡ್’ ಎಂಬ ಏಟು ನೆಲದಿಂದ ಅಂಗಾಲಿಗೆ ಏರಿದರೆ ಮಾತ್ರ ತಲೆಯಾಡಿಸುವುದು. ಗೋಕಾಕದ ಅವರ ವರ್ಕ್‌ಶಾಪಿನ, ತಗಡು ಒತ್ತುವ ಹಳೆಯ ಪ್ರೆಸ್ಸು ಹಾಗೇ ಗುದ್ದುತ್ತ ಬಂದಿತ್ತು. ಮೇಲಿನ ಮನೆಯ ಕಪ್ಪು-ಬಸಿಗಳೂ ಅದಕ್ಕೆ ಕುಣಿಯುತ್ತಿದ್ದವು.

ಈಗ ಆ ಗುದ್ದೇ ಕುತ್ತಿಗೆಗೆ ಬಂದಿತ್ತು. ಕರದಂಟಿನ ಅಂಗಡಿಯ ಗುರುಲಿಂಗಪ್ಪನವರಿಗೆ ಬೆಸುಗೆಯಿಲ್ಲದ ಸ್ಟೀಲ್ ಡಬ್ಬಿ ಬೇಕು. ಒಂದೇ ತಗಡನ್ನು ಆಳವಾಗಿ ಒತ್ತಿ ಮಾಡಬೇಕು. ಹಳೆಯ ಪ್ರೆಸ್ಸಿನ ಏಟಿಗೆ ಮೂಲೆ ಸೀಳಿ ತುಪ್ಪ ಜಿನುಗುತ್ತಿತ್ತು.

“ಇನ್ನೊಮ್ಮಿ ಸೋರಿದ್ರ ಕೊಲ್ಹಾಪುರದಿಂದ ತರಿಸ್ತೇನ್ರಿ” ಎಂದುಬಿಟ್ಟಿದ್ದರು ಅವರು. ಆ ಡಬ್ಬಿಯ ಡೈ, ಅಂದರೆ ಅಚ್ಚು, ಮಾಡಿಸಿದವಳು ಕಾಕಾನ ಮಗಳು ಶ್ರದ್ಧಾ. ಆರ್ಡರ್ ಹೋದರೆ ಮತ್ತೆ ಬಾಗಿಲಿನ ಕೊಂಡಿ ಒತ್ತುತ್ತ ಕೂಡಬೇಕಲ್ಲ ಎಂದು ಅವಳಿಗೆ ಅಳುವೇ ಬರುತ್ತಿತ್ತು.

ಡೈ, ತಗಡು ಎರಡನ್ನೂ ಹೊತ್ತು ಅಪ್ಪ-ಮಗಳು ಹೊಸ ಪ್ರೆಸ್ಸು ಕೊಳ್ಳಲು ಬೆಳಗಾವಿಗೆ ಹೋದರು. ಮಾರಾಟದ ಶೆಡ್ಡಿನಲ್ಲಿ ಮೊದಲು ನೋಡಿದ್ದು ಹಳೆಯದರ ದೊಡ್ಡಣ್ಣನಂಥ ಪ್ರೆಸ್ಸು. ಕಾಕಾ ಬೆನ್ನು ತಿರುಗಿಸಿದರು. ಧಡ್!

“ಹಾಂ! ಮಷೀನು ಅಂದ್ರ ಇದು ನೋಡವಾ!”

“ಮೂಲಿ ನೋಡ್ರಿ ಅಪ್ಪಾಜಿ, ಸೀಳೈತಿ.”

“ಡೈ ಸರಿ ಕುಂತಿಲ್ಲ” ಎಂದರು ಕಾಕಾ. ಅಬ್ಬಬ್ಬಾ, ಏನು ಹಟ!

ಮಾರಾಟದ ಹುಡುಗ ಶುಭಮ್ ಅದೇ ಡೈಯನ್ನು ಬಾಜೂಕಿನ ಸರ್ವೋ ಪ್ರೆಸ್ಸಿಗೆ ಕೂರಿಸಿದ. “ಇದು ಬಡಿಯೂದಿಲ್ರಿ ಕಾಕಾ. ತಗಡಿಗೆ ತಾಗೂ ಮುಂದ ತಾನ ನಿಧಾನ ಆಕ್ಕೈತಿ, ಮೆತ್ತಗ ಒತ್ತತೈತಿ.”

ಕಾಕಾ ಮತ್ತೆ ಬೆನ್ನು ತಿರುಗಿಸಿ ಕಣ್ಣು ಮುಚ್ಚಿದರು. ಕಾದರು, ಕಾದರು.

“ಚಾಲೂ ಮಾಡಪಾ.”

“ಮಾಡೇನ್ರಿ.”

“ಎಲ್ಲಿ ಮಾಡೀ? ಕರೆಂಟ್ ಹೋಗೈತೇನು?”

ಶ್ರದ್ಧಾ ನಗು ತಡೆಯಲು ಓಢಣಿ ಕಚ್ಚಿಕೊಂಡಳು. ಕಾಕಾ ಸಿಟ್ಟಿನಿಂದ ತಿರುಗಿದರೆ, ಮೇಜಿನ ಮೇಲೆ ಡಬ್ಬಿಗಳು ಸಾಲಾಗಿ ಕೂತಿವೆ!

ಅಷ್ಟಕ್ಕೆ ಸೋಲುವ ಪೈಕಿಯೇ ಅವರು? ನೀರು ತರಿಸಿ, ಒಂದು ಡಬ್ಬಿಗೆ ಕಂಠಮಟ ಸುರಿದು, ಕಿವಿಯ ಬಾಜೂಕ್ಕೆ ಎತ್ತಿ ಹಿಡಿದರು. ಶೆಡ್ಡೆಲ್ಲ ಗಪ್‌ಚಿಪ್. ಶ್ರದ್ಧಾ ಬಗ್ಗಿ ನೆಲ ನೋಡಿದಳು. ಎಷ್ಟು ಹೊತ್ತಾದರೂ ‘ಟಪ್’ ಎನ್ನಲಿಲ್ಲ. ನೆಲವೂ ಒಣಗಿಯೇ ಇತ್ತು.

“ಇದನ್ನ ತಗೋಳೂಣು” ಎಂದರು ಕಾಕಾ, ಸಣ್ಣ ದನಿಯಲ್ಲಿ.

ಹೊಸ ಪ್ರೆಸ್ಸಿನ ಮೊದಲ ಡಬ್ಬಿಗಳನ್ನು ಗುರುಲಿಂಗಪ್ಪನವರು ತಿರುಗಿಸಿ ಮುರುಗಿಸಿ ನೋಡಿ ನಗುತ್ತ ಒಯ್ದರು. ಕೊಲ್ಹಾಪುರದ ಸುದ್ದಿಯನ್ನೇ ತೆಗೆಯಲಿಲ್ಲ. ಆಮೇಲೆ ಕಾಕಾನ ಹೆಂಡತಿ ರಾಜಮತಿ ಗಾಬರಿಯಿಂದ ಕೆಳಗಿಳಿದು ಬಂದರು.

“ಸಪ್ಪಳಾನ ಇಲ್ಲ, ಕೆಲಸ ಬಂದ್ ಆತೇನ್ರಿ?”

ನೀರು ತುಂಬಿದ ಡಬ್ಬಿಗೆ ಕಿವಿ ಹಚ್ಚಿ ನಿಂತಿದ್ದ ಕಾಕಾ ಬೆರಳೆತ್ತಿದರು.

“ಶ್! ಜೋರ್ ನಡದೈತಿ. ನೀನೂ ಕೇಳು ಬಾ.”