ಪೀಠದ ಹಿಂದಿನ ದಾರಿ

"ಯಲ್ಲಾ, ಯಲ್ಲಾ, ಸ್ವಲ್ಪ ಮುಂದೆ ಹೋಗಿ ಮಾರಾಯ್ರೆ!"

ಎಲ್ಸಿಯ ಅಣ್ಣ ಸೆಡ್ರಿಕ್ ಅರಬಿ ಬೆರೆಸಿ ಅವಸರಪಡಿಸುತ್ತ ಕೈಬೀಸುತ್ತಿದ್ದರೂ ಯಾರಿಗೂ ಮುಂದೆ ಹೋಗಲು ಜಾಗವಿರಲಿಲ್ಲ. ಅಬುಧಾಬಿಯ ಶವಾಗಾರದ ಆ ಉದ್ದನೆಯ ಕೋಣೆಯ ಕೊನೆಯಲ್ಲಿ, ಗೋಡೆಗೆ ತಾಗಿಸಿದ ಗಾಲಿಮೇಜಿನ ಮೇಲೆ ಎಲ್ಸಿಯ ಗಂಡ ಫೆಲಿಕ್ಸ್‌ನ ತೆರೆದ ಶವಪೆಟ್ಟಿಗೆ ಇತ್ತು. ಶಿಲುಬೆಯ ಗುರುತು ಮಾಡಿ ಹಿಂದಿರುಗುವವರು ಒಳಬರುವವರಿಗೆ ಢಿಕ್ಕಿ ಹೊಡೆಯುತ್ತಿದ್ದರು. ಪ್ರತಿ ಸಲವೂ ಎಲ್ಸಿ ಗಂಡನ ಪಕ್ಕದಿಂದ ಏಳಬೇಕಾಗುತ್ತಿತ್ತು.

ಫೆಲಿಕ್ಸ್ ಸಾಯುವಾಗ ಅವಳು ಆಸ್ಪತ್ರೆಯ ಡ್ಯೂಟಿಯಲ್ಲಿ ಬೇರೆ ಯಾರದೋ ನಾಡಿ ಹಿಡಿದಿದ್ದಳು. ಆಮೇಲೆ ಮೂರು ದಿನ ಬರೀ ಕಾಗದಪತ್ರ. ಇನ್ನರ್ಧ ಗಂಟೆಗೆ ಪೆಟ್ಟಿಗೆ ಮುಚ್ಚಿ ಸ್ಮಶಾನಕ್ಕೆ ಒಯ್ಯುತ್ತಾರೆ.

"ಅಣ್ಣಾ, ಐದು ನಿಮಿಷ ಇವರ ಹತ್ರ ಕೂತ್ಕೊಳ್ಳಲಿಕ್ಕೆ ಬಿಡು."

"ಎಂತ ಮಾಡುದು ಎಲ್ಸಿ, ಇನ್ನೂರು ಜನ ಬಿಸಿಲಲ್ಲಿ ನಿಂತಿದ್ದಾರೆ. ಬಾವನಿಗೆ ಇಷ್ಟು ಜನರ ಗುರ್ತ ಉಂಟೂಂತ ನಂಗೆ ಇವತ್ತೇ ಗೊತ್ತಾದ್ದು."

ಫೆಲಿಕ್ಸ್ ಜೊತೆ ಹದಿನಾರು ವರ್ಷ ಏಸಿಯ ಗಾಳಿ ಹೋಗಿಬರುವ ಡಕ್ಟ್‌ಗಳ ನಕ್ಷೆ ಬರೆದಿದ್ದ ಉಳ್ಳಾಲದ ಜಂಶೀರ್ ಗೋಡೆಯನ್ನೇ ನೋಡುತ್ತ ನಿಂತಿದ್ದ.

"ಎಲ್ಸಿಯಕ್ಕ, ಆ ತುಲೂಸಿನ ಇಗರ್ಜಿ ನೆನಪುಂಟಾ?"

*

ಅವರ ಮದುವೆಯ ಇಪ್ಪತ್ತೈದನೇ ವರ್ಷ, ಫ್ರಾನ್ಸಿನ ಲೂರ್ದಿಗೆ ಹೊರಟಿದ್ದ ಯಾತ್ರೆಯ ಬಸ್ಸು ತುಲೂಸಿನಲ್ಲಿ ಊಟಕ್ಕೆ ನಿಂತಿತ್ತು. ಫೆಲಿಕ್ಸ್ ಊಟ ಬಿಟ್ಟು, ಎಲ್ಸಿಯನ್ನೂ ಎಬ್ಬಿಸಿಕೊಂಡು ಸೇಂಟ್ ಸೆರ್ನಿನ್ ಚರ್ಚಿಗೆ ನಡೆದ. ಒಂಬೈನೂರು ವರ್ಷ ಹಳೆಯ ಕೆಂಪು ಇಟ್ಟಿಗೆ, ಎಂಟು ಮೂಲೆಯ ಗಂಟೆಗೋಪುರ, ಒಳಗೆ ಸಾಲುಸಾಲು ಕಮಾನು. ಅವನು ತಲೆಯೆತ್ತಲೇ ಇಲ್ಲ. ಹೆಜ್ಜೆ ಎಣಿಸುತ್ತ ಪಕ್ಕದ ಹಾದಿಯಲ್ಲಿ ಹೋಗಿ, ಪೂಜೆ ನಡೆಯುವ ಪೀಠದ ಹಿಂದಿನಿಂದ ಸುತ್ತಿ, ಇನ್ನೊಂದು ಪಕ್ಕದಿಂದ ಬಂದ.

"ನೋಡು, ಸಂತರ ಅಸ್ಥಿ ನೋಡ್ಲಿಕ್ಕೆ ಸಾವಿರ ಜನ ಬಂದ್ರೂ ನಡುವೆ ಪೂಜೆ ನಿಲ್ಲುದಿಲ್ಲ. ಪ್ರಾರ್ಥನೆಗೆ ಕೂತವರನ್ನು ಯಾರೂ ಏಳಿಸುದಿಲ್ಲ. ನಮ್ಮ ಡಕ್ಟಿನ ಹಾಗೇ, ಬರ್ಲಿಕ್ಕೆ ಒಂದು, ಹೋಗ್ಲಿಕ್ಕೆ ಒಂದು!"

"ಬಸ್ಸಲ್ಲಿ ನಲ್ವತ್ತು ಜನ ನಿಮಗೆ ಬೈತಿದ್ದಾರೆ," ಎಂದು ಎಲ್ಸಿ ಸಿಡುಕಿದ್ದಳು.

"ಬೈಲಿ. ಅವರಿಗೂ ತೋರಿಸ್ತೇನೆ."

ಮರಳಿದ ಮೇಲೆ ಆಫೀಸಿನಲ್ಲಿ ಜಂಶೀರ್ ಮೊದಲ್ಗೊಂಡು ಚಾ ಕುಡಿಯಲು ಸಿಕ್ಕವರಿಗೆಲ್ಲ ಆ ಸುತ್ತುದಾರಿಯ ನಕ್ಷೆ ಬಿಡಿಸಿ ತೋರಿಸಿದ್ದ.

*

ಜಂಶೀರ್ ಗಾಲಿಗಳ ಬ್ರೇಕ್ ಬಿಡಿಸಿ, ಮೇಜನ್ನು ಗೋಡೆಯಿಂದ ನಾಲ್ಕಡಿ ಈಚೆಗೆ ಎಳೆದ.

"ಎಡಗಡೆಯಿಂದ ಬನ್ನಿ, ತಲೆಯ ಹಿಂದಿನಿಂದ ಸುತ್ತಿ ಬಲಗಡೆಯಿಂದ ಹೊರಗೆ ಹೋಗಿ. ಸೆಡ್ರಿಕಣ್ಣ, ನೀವು ಇಲ್ಲಿ ಕಂಬದ ಹಾಗೆ ನಿಲ್ಲಿ."

"ನನ್ನ ಹೊಟ್ಟೆ ನೋಡಿ ಹೇಳಿದ್ದಾ?"

ಅಳುತ್ತಿದ್ದ ಇಬ್ಬರು ನಕ್ಕುಬಿಟ್ಟರು. ಸಾಲು ನಿಧಾನವಾಗಿ ಚಲಿಸಿತು.

ಎಲ್ಸಿ ಕುರ್ಚಿ ಎಳೆದುಕೊಂಡು ಕುಳಿತಳು. ಜನ ಅವಳ ಸುತ್ತ ಹಾದುಹೋಗುತ್ತಿದ್ದರು, ಯಾರೂ ಏಳಿಸಲಿಲ್ಲ. ಫೆಲಿಕ್ಸ್‌ನ ಕುತ್ತಿಗೆಗೆ ಯಾರೋ ಟೈಯನ್ನು ಬಹಳ ಬಿಗಿಯಾಗಿ ಕಟ್ಟಿದ್ದರು. ಮದುವೆಗಳಿಗೆ ಹೋಗಿ ಮರಳುವಾಗ ಕಾರಿನಲ್ಲಿ ಮಾಡುತ್ತಿದ್ದ ಹಾಗೆ, ಅವಳು ಗಂಟಿನೊಳಗೆ ಎರಡು ಬೆರಳು ತೂರಿಸಿ ಮೆಲ್ಲನೆ ಸಡಿಲಿಸತೊಡಗಿದಳು.