ಫರಹತ್ ಬರೆದ ಮನೆಗಳು

ಹೆಬ್ಬೆರಳ ತುದಿಗೆ ನೇರಳೆ ಹತ್ತಿದೆ, ಸೀಲಿನ ಶಾಯಿ ಆರುವ ಮೊದಲೇ ಸರ್ ಕಾಗದ ಮಡಿಸಿರಬೇಕು, ಇಲ್ಲ, ತಾನೇ ಆಫೀಸಿನ ಮೆಟ್ಟಿಲ ಮೇಲೆ ನಿಂತು ತಡೆಯಲಾರದೆ ಬಿಡಿಸಿ ಓದಿದಾಗ ಹತ್ತಿತೋ, ದುಪಟ್ಟಾದ ಅಂಚಿಗೆ ಉಜ್ಜಿದಷ್ಟೂ ಚರ್ಮದ ಗೆರೆಗಳೊಳಕ್ಕೆ ಇಳಿಯುತ್ತಿದೆ, ಇರಲಿ ಬಿಡು, ಎಂದುಕೊಂಡು ಫರಹತ್ ಕೈಯನ್ನು ಮಡಿಲಲ್ಲಿ ಬೋರಲಾಗಿ ಇಟ್ಟುಕೊಂಡಳು — ಬಸ್ಸು ಇನ್ನೂ ಚಾಮರಾಜನಗರ ದಾಟಿಲ್ಲ, ಗುಂಡ್ಲುಪೇಟೆಗೆ ಇನ್ನೊಂದು ಗಂಟೆಯಾದರೂ ಬೇಕು, ಎಂಟು ವರ್ಷದಿಂದ ಬೆಳಿಗ್ಗೆ ಹೀಗೆ ಸಂಜೆ ಹಾಗೆ, ಈ ಸೀಟಿನ ಹರಿದ ರೆಕ್ಸಿನ್ನಿಗೂ ತನ್ನ ಬೆನ್ನಿನ ಗುರುತು ಸಿಕ್ಕಿರಬೇಕು. ಸರ್ ಕೊಟ್ಟ ಅನುಭವ ಪತ್ರದಲ್ಲಿ ನಾಲ್ಕೇ ಸಾಲು. ಇವರು ನಮ್ಮ ಕಚೇರಿಯಲ್ಲಿ ಎಂಟು ವರ್ಷ ಕಂಪ್ಯೂಟರ್ ಆಪರೇಟರ್ ಆಗಿ ಟೈಪಿಂಗ್ ಮತ್ತು ಪ್ರಿಂಟಿಂಗ್ ಕೆಲಸ ನಿರ್ವಹಿಸಿರುತ್ತಾರೆ, ನಡತೆ ಒಳ್ಳೆಯದು. ನಡತೆ ಒಳ್ಳೆಯದೇ, ಅದಕ್ಕೇ ತಾನೇ ಓದಿಕೊಂಡು ಮತ್ತೆ ಮೆಟ್ಟಿಲು ಹತ್ತಿ ಹೋಗಿ, ಸರ್, ಇದರಲ್ಲಿ ಡ್ರಾಯಿಂಗ್ ಅನ್ನೋ ಮಾತೇ ಇಲ್ಲವಲ್ಲ, ಅಂತ ಮೆಲ್ಲಗೆ ಕೇಳಿದ್ದು, ಜೋರಾಗಿ ಕೇಳಿದ್ದರೆ ಏನಾಗುತ್ತಿತ್ತು, ಏನೂ ಆಗುತ್ತಿರಲಿಲ್ಲ. ಮಹಾಲಿಂಗ ಸರ್ ಕೆಟ್ಟವರಲ್ಲ, ರಂಜಾನಿನಲ್ಲಿ ನಾಲ್ಕಕ್ಕೇ ಮನೆಗೆ ಕಳಿಸುತ್ತಿದ್ದರು, ಅಬ್ಬಾನಿಗೆ ಕಾಲು ಮುರಿದಾಗ ತಾವೇ ಕಾರು ಕಳಿಸಿದ್ದರು, ಕನ್ನಡಕ ತೆಗೆದು ಟೇಬಲ್ಲಿನ ಮೇಲಿಟ್ಟು, ನೋಡಮ್ಮ, ಈ ಊರಿನ ಮನೆ ನಕ್ಷೆಗಳೆಲ್ಲ ಲೈಸೆನ್ಸ್ ಇರೋ ಇಂಜಿನಿಯರ್ ಮಹಾಲಿಂಗ ಬರೆದದ್ದು ಅಂತ ನಗರಸಭೆ ನಂಬಿದೆ, ನೀನು ಬರೆದೆ ಅಂತ ನಾನೇ ಬರೆದುಕೊಟ್ಟರೆ ನನ್ನ ಗತಿಯೇನು, ಅಂದರು. ಅದೂ ನಿಜವೇ. ನಿಜವಾದದ್ದಕ್ಕೆ ಎದುರು ಮಾತಾಡಿ ಅಭ್ಯಾಸವಿಲ್ಲ. ಪರವಾಗಿಲ್ಲ ಸರ್, ಥ್ಯಾಂಕ್ಸ್ ಸರ್, ಅಂದುಬಿಟ್ಟಳು, ಥ್ಯಾಂಕ್ಸ್ ಯಾಕೆ ಅಂದೆ, ಕಂಡಕ್ಟರ್ ಬಂದು ಆಧಾರ್ ಅಂದ, ತೋರಿಸಿದಳು, ಹೆಂಗಸರ ಉಚಿತ ಟಿಕೆಟ್ಟು ಹರಿದುಕೊಟ್ಟು ಮುಂದೆ ಹೋದ.

ಆಸ್ಟ್ರೇಲಿಯಾದ ವೀಸಾ ಬಂದ ದಿನ ಅಮ್ಮಿ ಬೀದಿಗೆಲ್ಲ ಖೀರು ಹಂಚಿದ್ದಳು, ಸಾವಿರ ಜನರನ್ನು ಆರಿಸುವ ಚೀಟಿಯಲ್ಲಿ ನನ್ನ ಮಗಳ ಹೆಸರೂ ಎದ್ದಿದೆ ಅಂತ, ಅದಕ್ಕೆ ಅಬ್ಬಾನ ತಂಗಿ ಉಮ್ಮೆ ಹಬೀಬಾ ಖೀರು ಕುಡಿದು ಲೋಟ ಕೆಳಗಿಡುತ್ತ, ರಜಾ ವೀಸಾ ಅಂತೆ, ಮೂವತ್ತು ವರ್ಷಕ್ಕೆ ಮದುವೆಗೆ ಮೊದಲೇ ಹನಿಮೂನಾ, ಅಂದಿದ್ದಳು, ಎಲ್ಲರೂ ನಕ್ಕರು, ಫರಹತ್ತೂ ನಕ್ಕಳು. ಕೆಲಸ ಮಾಡುತ್ತ ಊರು ನೋಡುವ ವೀಸಾ ಅದು, ಒಂದೇ ವರ್ಷ, ಒಬ್ಬ ಧಣಿಯ ಹತ್ತಿರ ಆರು ತಿಂಗಳಿಗಿಂತ ಹೆಚ್ಚು ಇರುವ ಹಾಗಿಲ್ಲ, ಮೂವತ್ತು ದಾಟಿದರೆ ಚೀಟಿ ಹಾಕುವ ಹಾಗೂ ಇಲ್ಲ — ಆರು ತಿಂಗಳಿಗೆ ಹೋಗುವವಳಿಗೆ ಟೇಬಲ್ಲು ಕುರ್ಚಿ ಯಾರು ಕೊಡುತ್ತಾರೆ, ಮೈಸೂರಿನ ಏಜೆಂಟ್ ಆಕಳಿಸುತ್ತಲೇ ಹೇಳಿದ್ದ, ಮೇಡಂ, ಎಲ್ಲರೂ ಮೊದಲು ಸ್ಟ್ರಾಬೆರಿ ಕೀಳೋದೇ, ಪ್ಲೇಟು ತೊಳೆಯೋದೇ, ಪ್ರೊಫೆಷನಲ್ ಕೆಲಸ ಅಂತ ತಲೆ ಕೆಡಿಸಿಕೊಳ್ಳಬೇಡಿ. ಆದರೂ ಅಲ್ಲಿನ ಅರವತ್ತೆರಡು ನಕ್ಷೆ ಆಫೀಸುಗಳಿಗೆ ಅರ್ಜಿ ಹಾಕಿದಳು, ಎಂಟು ಉತ್ತರ, ಏಳು ವಿಷಾದ. ಎಂಟನೆಯದು ಅಡಿಲೇಡಿನ ಒಂದು ಸಣ್ಣ ಆಫೀಸು, ಅಲ್ಲಿನ ನರೆಗೂದಲ ಹೆಂಗಸು ಫೋನಿನ ಪರದೆಯಲ್ಲಿ ಚಹಾ ಕುಡಿಯುತ್ತಲೇ ಮಾತಾಡಿದಳು, ನಮಗೆ ಒಂದು ಶಾಲೆಯ ಕಟ್ಟಡ ಮುಗಿಸೋಕೆ ಆರೇ ತಿಂಗಳು ಕೈ ಬೇಕು, ನಿನಗೂ ಆರೇ ತಿಂಗಳು, ಸರಿಹೋಯಿತಲ್ಲ — ಎಷ್ಟು ಸಲೀಸಾಗಿ ಅಂದಳು — ಆದರೆ ನೀನು ಕಳಿಸಿದ ಈ ನಕ್ಷೆಗಳಲ್ಲಿ ಬೇರೆಯವರ ಹೆಸರಿದೆ, ಇದರಲ್ಲಿ ನಿನ್ನದು ಅನ್ನುವಂಥದ್ದು ಒಂದು ತೋರಿಸು. ಆಗ ಫರಹತ್‌ಳ ಬಾಯಿಂದ ತಾನಾಗಿ ಬಂದದ್ದು ತೆರಕಣಾಂಬಿಯಾಚೆಯ ದೊಡ್ಡಮಲ್ಲಮ್ಮನ ಅಡುಗೆಮನೆ ಕಿಟಕಿ. ಗಂಡ ಮರಿಮಲ್ಲಪ್ಪ ಆಫೀಸಿನಲ್ಲಿ ಸರ್ ಎದುರು ಕೂತು ವಾಸ್ತುವಿನ ಮೂಲೆ ದಿಕ್ಕು ಮಾತಾಡುವಾಗ ಆಕೆ ಫರಹತ್‌ಳ ಹಿಂದೆ ಬಂದು ಕಿವಿಯ ಹತ್ತಿರ, ಮುದ್ದೆ ತಿರುವುವಾಗ ರಸ್ತೆ ಕಾಣಂಗೆ ಒಂದು ಕಿಟ್ಕಿ ಇಕ್ಕವ್ವ, ಇಪ್ಪತ್ತೈದ್ ವರ್ಸ ಗೋಡೆ ನೋಡ್ಕಂಡೇ ಮುದ್ದೆ ತಿರುವಿವ್ನಿ, ಅಂದಿದ್ದಳು, ಫರಹತ್ ಬರೆದದ್ದನ್ನು ಸರ್ ಪೆನ್ಸಿಲ್ಲಿನಲ್ಲಿ ಹೊಡೆದುಹಾಕಿದರು, ಪಾರ್ಟಿ ಕೇಳಿಲ್ಲ ಅಂತ, ಪಾರ್ಟಿ ಅಂದರೆ ಗಂಡ, ಫರಹತ್ ಕೊನೆಯ ಪ್ರಿಂಟಿನಲ್ಲಿ ಮತ್ತೆ ಬರೆದಳು, ಸರ್ ನೋಡದೆ ಸೀಲು ಒತ್ತಿದರು, ನಾಲ್ಕಡಿ ಅಗಲ, ಕಟ್ಟೆಯಿಂದ ಒಂಬತ್ತಿಂಚು ಮೇಲೆ, ಚೌಕಟ್ಟು ಮಾಡಿದ್ದು ಅಬ್ಬಾ, ತಮ್ಮ ಬಡಗಿ ಅಂಗಡಿಯಲ್ಲೇ, ನಾಲ್ಕು ಮೂಲೆಗೂ ಸಣ್ಣ ಎಲೆ ಕೆತ್ತಿದ್ದರು, ಯಾರೂ ಕೇಳಿರಲಿಲ್ಲ. ಅಡಿಲೇಡಿನ ಹೆಂಗಸು ಚಹಾ ಕೆಳಗಿಟ್ಟು ನಕ್ಕಳು. ಆ ಕಿಟಕಿಯ ಫೋಟೋ ಕಳಿಸು, ಜೊತೆಗೆ ಡ್ರಾಯಿಂಗ್ ಮಾಡಿದ್ದು ನೀನೇ ಅಂತ ನಿನ್ನ ಧಣಿಯ ಪತ್ರ, ಶುಕ್ರವಾರದೊಳಗೆ. ಇವತ್ತು ಗುರುವಾರ. ಪತ್ರ ಹೀಗಾಯಿತು. ಫೋಟೋ ಒಂದಾದರೂ —

ಅತ್ಲಾಗ್ ಸರ್ಕೊ ಮಗ, ಅನ್ನುತ್ತ ಔಷಧಿ ಚೀಟಿ ಹಿಡಿದ ಕೈಯೊಂದು ಹೆಗಲ ಮೇಲೆ ಬಿತ್ತು, ನೋಡಿದರೆ ದೊಡ್ಡಮಲ್ಲಮ್ಮನೇ, ಊರಾಚೆಯ ಸ್ಟಾಪಿನಲ್ಲಿ ಹತ್ತಿದ್ದಾಳೆ, ಮಂಡಿ ತೋರಿಸೋಕೆ ಬಂದಿದ್ದಳಂತೆ, ಅವಳ ಪರಿಚಯದ ಹುಡುಗಿಯೊಬ್ಬಳು ಮುಂದಿನ ಸೀಟಿನಿಂದ ತಿರುಗಿದಳು, ಆ ಹುಡುಗಿಗೆ ಕೇಳುವ ಹಾಗೆ, ಅರ್ಧ ಬಸ್ಸಿಗೇ ಕೇಳುವ ಹಾಗೆ, ದೊಡ್ಡಮಲ್ಲಮ್ಮ ಅಂದಳು,

ನಮ್ಮನೆ ಬರ್ದೋಳು ಇವ್ಳೇ ಕಣಮ್ಮಿ, ಆವಯ್ಯ ಬರೀ ಮೊಹರು ಒತ್ತೋನು.

ನಾಲ್ಕು ಸಾಲಿನ ಕಾಗದದಲ್ಲಿ ಬರಬೇಕಾದದ್ದು ಇದೊಂದೇ ಸಾಲು, ಇಷ್ಟು ಸುಲಭವಾಗಿ, ಎಲೆಯಡಿಕೆ ಜಗಿಯುತ್ತ, ಇದನ್ನು ಯಾವ ಲಕೋಟೆಯಲ್ಲಿ ಹಾಕಿ ಕಳಿಸಲಿ, ಫರಹತ್ತಿಗೆ ನಗುವೂ ಬಂತು, ಕಣ್ಣೂ ಉರಿಯಿತು, ನಿದ್ದೆಯಿಲ್ಲದ ಕಣ್ಣು. ಮದ್ವೆಯಾ, ಅಂದಳು ದೊಡ್ಡಮಲ್ಲಮ್ಮ, ಇಷ್ಟು ಬಾಡಿಹೋಗಿದ್ದೀಯ. ಇಲ್ಲ ಅಕ್ಕ, ಆಸ್ಟ್ರೇಲಿಯಾಕ್ಕೆ ಹೋಗ್ತಿದ್ದೀನಿ. ಅಲ್ಲೂ ಮನೆ ಬರೀತೀಯಾ. ಬರೆಯೋಕೆ ಬಿಟ್ಟರೆ, ಒಂದು ಕಡೆ ಆರು ತಿಂಗಳು ಮಾತ್ರ. ಆರ್ ತಿಂಗ್ಳಲ್ಲಿ ಗೋಡೇನೂ ಏಳಲ್ವಲ್ಲ ಮಗ, ಪಾಯ ತೆಗ್ದು ಬುಟ್ಬುಟ್ ಬತ್ತೀಯಾ. ಮುಂದಿನ ಹುಡುಗಿ ಕಿಸಕ್ಕೆಂದಳು. ಅಕ್ಕ, ನಿಮ್ಮ ಅಡುಗೆಮನೆ ಕಿಟಕಿದೊಂದು ಫೋಟೋ ಬೇಕಿತ್ತು, ರಸ್ತೆಯಿಂದಲೇ ಸಾಕು, ಬಸ್ಸು ನಿಂತಾಗ ತೆಗೀತೀನಿ, ಅಲ್ಲಿಯವರು ನೋಡಬೇಕಂತೆ. ದೊಡ್ಡಮಲ್ಲಮ್ಮ ಔಷಧಿ ಚೀಟಿಯನ್ನು ಮಡಚಿದಳು, ಮತ್ತೆ ಬಿಡಿಸಿ ಬೇರೆ ಕಡೆಯಿಂದ ಮಡಚಿದಳು. ಮುಂದ್ಗಡೆ ಬಾಗ್ಲು ತೆಗಿ ಮಗ, ತೇಗದ್ದು, ನಿಮ್ಮಪ್ಪನೇ ಮಾಡಿದ್ದಲ್ವಾ, ಎಷ್ಟ್ ನಯ ಅಯ್ತೆ, ಕಿಟ್ಕೀಲಿ ಏನ್ ನೋಡದು. ಅಲ್ಲ ಅಕ್ಕ, ಕಿಟಕಿಯೇ ಬೇಕು. ಆಕೆ ಮಾತು ತಿರುಗಿಸಿ ಮುಂದಿನ ಹುಡುಗಿಯ ಅತ್ತೆಯ ಆರೋಗ್ಯ ಕೇಳಿದಳು, ಆಮೇಲೆ ಇಡೀ ದಾರಿ ಅತ್ತೆಯೇ, ಅತ್ತೆಯ ಸಕ್ಕರೆ ಕಾಯಿಲೆಯೇ, ಹೊಲಗಳಲ್ಲಿ ಚೆಂಡುಹೂವು ಕಿತ್ತು ಮುಗಿದು ಗಿಡ ಕಂದಿ ನಿಂತಿವೆ, ಸ್ಟ್ರಾಬೆರಿ ಗಿಡ ಎಷ್ಟೆತ್ತರ ಇರುತ್ತದೋ, ಬಗ್ಗಿ ಕೀಳಬೇಕೋ ನಿಂತು ಕೀಳಬೇಕೋ, ಬಗ್ಗುವುದಾದರೆ ಬೆನ್ನು, ಎಂಟು ವರ್ಷ ಕಂಪ್ಯೂಟರಿಗೆ ಕೊಟ್ಟ ಬೆನ್ನು — ಇಲ್ಲ, ಫೋಟೋ ಒಂದಿದ್ದರೆ ಪತ್ರವಿಲ್ಲದಿದ್ದರೂ ಆ ಹೆಂಗಸು ಒಪ್ಪಿಯಾಳು, ನಕ್ಕಿದ್ದಳಲ್ಲ, ಆ ನಗು ಸುಳ್ಳಲ್ಲ, ಪತ್ರ ತಡವಾಗುತ್ತದೆ ಅಂತ ಬರೆದು ಫೋಟೋ ಮಾತ್ರ ಕಳಿಸಿದರೆ, ಕೆಳಗೆ ಒಂದೇ ಸಾಲು, ಇದು ನನ್ನದು.

ತೆರಕಣಾಂಬಿ ದಾಟಿತು. ಕಂಡಕ್ಟರ್ ಸೀಟಿ ಊದಿದ, ದೊಡ್ಡಮಲ್ಲಮ್ಮ ಮಂಡಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದಳು, ಆಮೇಲೆ ಬೇಗ ಬೇಗ, ಆ ಮಂಡಿಗೆ ಆಗದಷ್ಟು ಬೇಗ, ಮನೆಯ ಅಂಗಳ ಸೇರಿದಳು, ಫರಹತ್ ಫೋನು ಎತ್ತಿ ಹಿಡಿದಳು, ಗುಲಾಬಿ ಬಣ್ಣದ ಗೋಡೆ, ತೇಗದ ಬಾಗಿಲು, ಬಲಗಡೆಗೆ ಸರಿಸಿದಳು, ಅಡುಗೆಮನೆ, ಇಲ್ಲೇ ಇರಬೇಕು, ದಿನವೂ ತೂಕಡಿಸುತ್ತಲೇ ದಾಟಿದ ಜಾಗ, ಇಲ್ಲೇ ಬರೆದದ್ದು — ಅಬ್ಬಾನ ಚೌಕಟ್ಟು ಹಾಗೇ ಇದೆ, ನಾಲ್ಕು ಮೂಲೆಗೂ ನಾಲ್ಕು ಎಲೆ, ಒಳಗೆ ಸಿಮೆಂಟ್ ಬ್ಲಾಕು, ಸಾಲಿನ ಮೇಲೆ ಸಾಲು, ಗಾರೆಯನ್ನೂ ಬಳಿದಿಲ್ಲ, ಬಣ್ಣವನ್ನೂ ಬಳಿದಿಲ್ಲ, ಗುಲಾಬಿ ಗೋಡೆಯ ನಡುವೆ ಬೂದು, ಪಾರ್ಟಿ ಕೇಳಿರದ ಕಿಟಕಿ — ಬಸ್ಸು ಹೊರಟಿತು, ಬೆರಳು ಒತ್ತಿದ್ದಳೋ ಇಲ್ಲವೋ, ಒತ್ತಿದ್ದಾಳೆ, ಪರದೆಯಲ್ಲಿದೆ, ಚೌಕಟ್ಟು, ಒಳಗೆ ಬ್ಲಾಕು, ಬೆರಳಿನಿಂದ ಹಿಗ್ಗಿಸಿದಳು, ಎಲೆ, ಬ್ಲಾಕು, ಇನ್ನೂ ಹಿಗ್ಗಿಸಿದಳು, ಬ್ಲಾಕು.